ಇಪ್ಪತ್ತೊಂದು ಮೆಟ್ಟಿಲು

ಮತೊಜಿನ್ಯೊಶ್ ಬಂದರಿನ ಹಿಂದಿನ ಬೀದಿ,
ಹಿಂದೆ ಸಾರ್ಡೀನ್ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ ಕೋಣೆ.
ಈಗ ಇಲ್ಲಿ ನಾನು, ಒಂದು ಪ್ರಿಂಟರು, ಹನ್ನೊಂದು ಬಗೆ ಕಾಗದ,
ಬೂದಿಯ ಏಳು ಛಾಯೆ ತುಂಬಿದ ಏಳು ಸೀಸೆ.
ಮಳೆ ಬಂದ ದಿನ ಗೋಡೆ ಈಗಲೂ ಮೀನು ನಾರುತ್ತದೆ.

ಕಪ್ಪು ಎನ್ನುವುದು ಒಂದಲ್ಲ.
ಇಂಗಾಲದ ಮಸಿ ಬೆಚ್ಚಗೆ, ಒಲೆಯ ಮಸಿಯ ತಂಗಿ.
ಬಣ್ಣ ಕಲಸಿ ಮಾಡಿದ ಕಪ್ಪು ಬಲು ಜಾಣ:
ದೀಪದ ಕೆಳಗೆ ಸಾಧು,
ಕಿಟಕಿಗೆ ತಂದೊಡನೆ ಮುಖಕ್ಕೆಲ್ಲ ಪಾಚಿ.
ಹೊಳಪು ಕಾಗದವನ್ನು ಓರೆಯಾಗಿ ಹಿಡಿದರೆ
ನೆರಳಿನ ಮೇಲೆ ಹಳೆ ಕಂಚಿನ ಪೊರೆ.

ಬಿಳಿಯೂ ಹಾಗೇ.
ನೇರಳೆ ಟಾರ್ಚು ಬಿಟ್ಟರೆ ಕೆಲವು ಕಾಗದ
ಲಾಂಡ್ರಿಯಿಂದ ಬಂದ ಅಂಗಿಯಂತೆ ನೀಲಿಗೆ ಉರಿಯುತ್ತವೆ.
ಅದು ಸಾಲ ತಂದ ಬಿಳುಪು, ಒಂದು ದಿನ ತೀರಿಸಲೇಬೇಕು.
ಹತ್ತಿಯ ಕಾಗದ ಸುಮ್ಮನಿರುತ್ತದೆ,
ಹಾಲಿಗಿಂತ ತುಸು ಕೆನೆಯ ಕಡೆ.

ಎಲ್ಲದರ ಮೇಲೂ ಒಂದೇ ಚಿತ್ರ. ಹದಿನಾಲ್ಕು ವರ್ಷದಿಂದ ಅದೇ.
ಅಡುಗೆಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು,
ತಲೆಗೆ ಬಿಳಿ ವಸ್ತ್ರ, ಹೆಗಲಿಗೆ ಕರಿ ಉಣ್ಣೆ ಶಾಲು, ಹಿಂದೆ ಕತ್ತಲೆ.
ತಲೆವಸ್ತ್ರದ ಮಡಿಕೆ ಎರಡನೆಯ ಮೆಟ್ಟಿಲು:
ಅಲ್ಲಿ ಮಸಿಯ ಮೊದಲ ಹನಿ ಬೀಳಬೇಕು,
ಬಿದ್ದದ್ದು ಗೊತ್ತಾಗಬಾರದು.
ಕೆನ್ನೆ ಏಳು. ಮೂಗಿನ ಪಕ್ಕ ಒಂಬತ್ತು.
ಶಾಲಿನ ಹೆಣಿಗೆ ಹದಿನೆಂಟು, ಹತ್ತೊಂಬತ್ತು.
ಇಪ್ಪತ್ತರಲ್ಲಿ ಬಾಗಿಲ ಚಿಲಕ.
ಚಿಲಕ ಕಂಡರೆ ಕಾಗದ ಪಾಸು,
ಕಾಣದಿದ್ದರೆ ಫೇಲು,
ಮಾರುವವನು ಎಷ್ಟೇ ಬಾಯಿ ಮಾಡಲಿ.
ಇಪ್ಪತ್ತೊಂದರಲ್ಲಿ ಯಾರಿಗೂ ಏನೂ ಕಾಣಬೇಕಿಲ್ಲ.

ನೋಟುಬುಕ್ಕಿನಲ್ಲಿ ಹೀಗೆ:
ಮಾರ್ಚ್ ಆರು. ಬರೈಟಾ, ಮುನ್ನೂರ ಹತ್ತು ಗ್ರಾಂ.
ಗಾಢತೆ ಎರಡು ಪಾಯಿಂಟ್ ಮೂರು. ಕೆನ್ನೆ ತುಸು ಹಸಿರು. ಚಿಲಕ ಇದೆ.
ಮಾರ್ಚ್ ಒಂಬತ್ತು. ಹತ್ತಿ, ಮ್ಯಾಟ್. ಒಂದು ಪಾಯಿಂಟ್ ಆರು.
ಕಪ್ಪು ಬಡವ. ಆದರೆ ಶಾಲು ಶಾಲಿನ ಹಾಗಿದೆ.

ಕಿಟಕಿಯ ಗಾಜಿಗೂ ಅಂಟಿಸಿದ್ದೇನೆ ಅವಳನ್ನು, ಸಾಲಾಗಿ,
ಅರ್ಧ ಮುಖಕ್ಕೆ ರಟ್ಟು, ಅರ್ಧಕ್ಕೆ ಅಟ್ಲಾಂಟಿಕದ ಬಿಸಿಲು.
ಹದಿನಾರು ತಿಂಗಳ ಮೇಲೆ ರಟ್ಟು ಬಿಚ್ಚಿದರೆ
ಅಗ್ಗದ ಮಸಿಯಲ್ಲಿ ಎಡಗಣ್ಣು ಚಹಾ ಬಣ್ಣಕ್ಕೆ ತಿರುಗಿತ್ತು.
"ಎಡಗಣ್ಣು, ಶೇಕಡ ಹದಿನೆಂಟು ನಷ್ಟ" ಎಂದು ಬರೆದೆ,
ಸೂಪು ಕುಡಿಯಲು ಹೋದೆ.

ನಿನ್ನೆ, ಕಾಗದದ ಸುರುಳಿ ಹೊತ್ತು ತಂದ ಹುಡುಗ ವಾಲ್ದೆಮಾರ್
ಸಹಿಗೆ ಕಾಯುತ್ತ ಕಿಟಕಿಯ ಹತ್ತಿರ ನಿಂತವನು ಕೇಳಿದ:
"ಈ ಅಮ್ಮನಿಗೆ ಯಾರ ಮೇಲೆ ಸಿಟ್ಟು?"

ಸಿಟ್ಟೇ?
ಕಣ್ಣಿಂದ ಭೂತಗನ್ನಡಿ ತೆಗೆದೆ.
ಸಾವಿರಕ್ಕೆ ಕಡಿಮೆಯಿಲ್ಲ ತೆಗೆದ ಪ್ರತಿ.
ಕೆನ್ನೆ ನೋಡಿದ್ದೆ, ಏಳನೆಯ ಬೂದಿ ನೋಡಿದ್ದೆ,
ಹುಬ್ಬು ಗಂಟಿಕ್ಕಿದ್ದು ಕಂಡಿರಲಿಲ್ಲ,
ತುಟಿಯ ಕೊನೆ ಕಚ್ಚಿ ಹಿಡಿದದ್ದು ಕಂಡಿರಲಿಲ್ಲ.

"ನನ್ನ ಮೇಲೆ," ಅಂದೆ. "ಅಲುಗಬೇಡ ಅಂದಿದ್ದೆ.
ಒಲೆಯ ಮೇಲೆ ಮೀನು ಸೀಯುತ್ತಿತ್ತು."

ಅಕ್ಕ. ದೆಯೊಲಿಂದಾ.
ಸೀದದ್ದನ್ನೇ ಆ ರಾತ್ರಿ ಬಡಿಸಿದಳು,
ನನ್ನ ತಟ್ಟೆಗೆ ಬರೀ ತಲೆ.
ಅವಳು ಹೋದ ಚಳಿಗಾಲ ನಾನು ಎರಡು ಮಸಿಗಳ ಹೋಲಿಕೆಯಲ್ಲಿದ್ದೆ.
ಚರ್ಚಿನಲ್ಲಿ ಹಂಚುವ ಕಾರ್ಡಿಗೂ ಇದೇ ಚಿತ್ರ ಕೊಟ್ಟೆ.
ಪ್ರೆಸ್ಸಿನವನು ಶಾಲನ್ನು ಡಾಂಬರು ಮಾಡಿದನೆಂದು
ಜಗಳ ಆಡಿದ್ದು ನೆನಪಿದೆ.
ಅತ್ತದ್ದು ನೆನಪಿಲ್ಲ.

ಸಂಜೆ ಹೊಸ ಸುರುಳಿಯಿಂದ ಒಂದು ಹಾಳೆ ಕತ್ತರಿಸಿದೆ.
ಪ್ರಿಂಟರು ಎಂದಿನಂತೆ ತಲೆವಸ್ತ್ರದಿಂದ ಶುರು,
ಎಡಕ್ಕೊಮ್ಮೆ ಬಲಕ್ಕೊಮ್ಮೆ, ಕೂದಲೆಳೆಯಷ್ಟು ಇಳಿಯುತ್ತ,
ಹುಬ್ಬು ಬಂತು, ಮುನಿಸು ಬಂತು,
ಬಾಯಿ ಬರುವ ಹೊತ್ತಿಗೆ ನಾನು ಎದ್ದು ನಿಂತಿದ್ದೆ,
ಬೈಸಿಕೊಳ್ಳುವವನ ಹಾಗೆ.

ಒಂದು ದಿನ ಒಣಗಲು ಬಿಡಬೇಕು,
ಹಸಿ ಕಪ್ಪು ಸುಳ್ಳು ಹೇಳುತ್ತದೆ.
ಬಿಟ್ಟಿದ್ದೇನೆ.
ನೋಟುಬುಕ್ಕಿನಲ್ಲಿ ತಾರೀಖು ಇದೆ, ಕಾಗದದ ಹೆಸರಿದೆ, ತೂಕವಿದೆ.
ಗಾಢತೆಯ ಎದುರು ಖಾಲಿ.
ಷರಾ: ಇನ್ನೂ ಸಿಟ್ಟಿದೆ. ಚಿಲಕ ನೋಡಲು ಮರೆತೆ.